ಪಾಚಿ, ಈಲಿ, ಒದ್ದೆ ಪಂಚೆ

ಪಾಂಡವಪುರ ತಾಲ್ಲೂಕಿನ ಒಂದು ಊರಿನಲ್ಲಿ, ಡೇರಿಗೆ ಸಂಜೆ ಹಾಲು ಹಾಕಿ ಮುಗಿದ ಮೇಲೆ, ಅದರ ಮುಂದಿನ ಜಾಗದಲ್ಲಿ ಆಡಿದ ಮಾತುಗಳು ಇವು. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿಸಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.

ನಮಸ್ಕಾರ. ಮೈಕು ಕೈಕೊಟ್ಟಿದೆ, ಸ್ವಲ್ಪ ಹತ್ತಿರ ಬನ್ನಿ. ಕಟ್ಟೆ ಮೇಲೆ ಕೂತವರೂ ಅಷ್ಟೇ.

ನಾನು ಇಲ್ಲಿಗೆ ಬರಲು ಕಾರಣ ಒಂದು ಡಬ್ಬಿ. ಹೋದ ತಿಂಗಳು ಯಾರೋ ಈ ಊರಿಗೆ ಬಂದು ಹಸಿರು ಮಾತ್ರೆ ಮಾರಿದರಂತೆ. "ಬೆಳೆಗೆ ಔಷಧಿ ಹೊಡೆಯೋರು ದಿನಕ್ಕೆ ಎರಡು ನುಂಗಿದ್ರೆ ಸಾಕು, ಲಿವರ್‌ಗೆ ಏನೂ ಆಗಲ್ಲ" ಅಂದರಂತೆ. ಹತ್ತು ಹನ್ನೆರಡು ಮನೆಯವರು ತೆಗೆದುಕೊಂಡಿದ್ದಾರೆ. ನಿಮ್ಮೂರಿನ ಹುಡುಗ ಒಬ್ಬ ನನ್ನ ಹಳೆಯ ವಿದ್ಯಾರ್ಥಿ. ಅವನು ಡಬ್ಬಿ ಹಿಡಿದುಕೊಂಡು ಮೈಸೂರಿಗೆ ಬಂದು, ಇದು ನಿಜಾನಾ ಸಾರ್ ಅಂದ. ಓದಿದೆ. ಸ್ಪಿರುಲಿನ. ಅಂದರೆ ಪಾಚಿ.

ಮೂವತ್ತು ವರ್ಷ ಜೀವರಸಾಯನ ಪಾಠ ಮಾಡಿದವನು ನಾನು. ಮಾರಿದವರು ಪೂರ್ತಿ ಸುಳ್ಳು ಹೇಳಿಲ್ಲ, ಕಷ್ಟ ಇರುವುದೇ ಅಲ್ಲಿ. ಪೂರ್ತಿ ಸುಳ್ಳಾಗಿದ್ದರೆ ಎರಡು ನಿಮಿಷದಲ್ಲಿ ಮುಗಿಸಿ, ಕಾಫಿ ಕುಡಿದು ಬಸ್ಸು ಹತ್ತಬಹುದಿತ್ತು.

ಶುರು ಮಾಡುವ ಮೊದಲು ಒಂದು ಕೆಲಸ. ಇಲ್ಲಿ ಒಬ್ಬ ಹುಡುಗ ಬಿಳಿ ಪಂಚೆ ಉಟ್ಟು, ಬೆನ್ನಿಗೆ ಪಂಪು ಹಾಕಿಕೊಂಡು ನಿಂತಿದ್ದಾನೆ ನೋಡಿ. ಹೊಸಾ ಪಂಪು, ಇನ್ನೂ ಔಷಧಿ ಮುಟ್ಟಿಲ್ಲ. ಅದರಲ್ಲಿ ಇರುವುದು 16 ಲೀಟರ್ ನೀರು, ಬಟ್ಟೆಗೆ ಹಾಕುವ ನೀಲಿ, ಅಷ್ಟೇ. ಡೇರಿ ಹಿಂದಿನ ಹುಲ್ಲಿಗೆ, ಅವನು ದಿನಾ ಗದ್ದೆಯಲ್ಲಿ ಹೇಗೆ ಹೊಡೆಯುತ್ತಾನೋ ಹಾಗೇ ಹೊಡೆದು ಬರಲಿ. ಅಲ್ಲಿಯವರೆಗೆ ಅವನನ್ನು ಮರೆತುಬಿಡಿ.

ಮೊದಲು ಲಿವರ್. ಪುಸ್ತಕದಲ್ಲಿ ಯಕೃತ್ತು ಅಂತ ಬರೆಯುತ್ತಾರೆ. ಪರೀಕ್ಷೆಯಲ್ಲಿ ಬಿಟ್ಟರೆ ಯಾರೂ ಆ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಮಟನ್ ಅಂಗಡಿಗೆ ಹೋದರೆ ಈಲಿ ಅನ್ನುತ್ತೀರಿ. ಅದೇ. ಬಲಗಡೆ ಪಕ್ಕೆಲುಬಿನ ಒಳಗೆ ಇರುತ್ತದೆ, ದೊಡ್ಡವರಲ್ಲಿ ಸುಮಾರು ಒಂದೂವರೆ ಕೆಜಿ. ನಿಮಿಷಕ್ಕೆ ಹತ್ತಿರ ಹತ್ತಿರ ಒಂದೂವರೆ ಲೀಟರ್ ರಕ್ತ ಅದರ ಮೂಲಕ ಹಾದು ಹೋಗುತ್ತದೆ. ಇಲಿಯ ಲಿವರ್‌ನಲ್ಲಿ ಮೂರರಲ್ಲಿ ಎರಡು ಪಾಲು ಕತ್ತರಿಸಿ ತೆಗೆದರೂ, ಒಂದು ವಾರ ಹತ್ತು ದಿನದಲ್ಲಿ ಹಳೆಯ ಗಾತ್ರಕ್ಕೆ ಬಂದುಬಿಡುತ್ತದೆ. ಕೂಳೆ ಕಬ್ಬು ಚಿಗುರಿದ ಹಾಗೆ. ಕೂಳೆಯೂ ಎಷ್ಟು ಸಲ ಬರುತ್ತದೆ ಅನ್ನುವುದು ನಿಮಗೇ ಗೊತ್ತಲ್ಲ. ಮತ್ತೆ ಮತ್ತೆ ಗಾಯವಾದರೆ ಲಿವರ್‌ನಲ್ಲೂ ಚಿಗುರು ನಿಂತು ಗಟ್ಟಿ ನಾರು ಬೆಳೆಯುತ್ತದೆ. ಸಿರೋಸಿಸ್ ಅನ್ನುವುದು ಅದಕ್ಕೇ.

ಇದರ ಕೆಲಸ ಅರ್ಥವಾಗಬೇಕಾದರೆ ಆಲೆಮನೆ ನೆನಪಿಸಿಕೊಳ್ಳಿ. ಕಬ್ಬಿನ ಹಾಲು ಕೊಪ್ಪರಿಗೆಗೆ ಬರುತ್ತದೆ. ಬೆಂಡೆಗಿಡದ ಲೋಳೆ ಹಾಕುತ್ತೀರಿ, ಮಡ್ಡಿ ಮೇಲೆ ಬರುತ್ತದೆ, ಜಾಲರಿಯಲ್ಲಿ ತೆಗೆದು ಎಸೆಯುತ್ತೀರಿ. ಲಿವರ್ ಮಾಡುವುದೂ ಇದನ್ನೇ. ಊಟ, ಮಾತ್ರೆ, ಸಾರಾಯಿ, ಕೀಟನಾಶಕ, ಏನೇ ಬರಲಿ, ಬೇಡದ್ದನ್ನು ನೀರಿನಲ್ಲಿ ಕರಗುವ ಹಾಗೆ ಮಾಡಿ ಪಿತ್ತಕ್ಕೋ ಮೂತ್ರಕ್ಕೋ ತಳ್ಳುತ್ತದೆ. ಇದಕ್ಕೆ ಬೆಂಕಿ ಬೇಕು. ಆ ಬೆಂಕಿ ಒಂದು ಗುಂಪು ಕಿಣ್ವಗಳು. ಸೈಟೋಕ್ರೋಮ್ ಪಿ450 ಅಂತ ಹೆಸರು, ಮರೆತರೂ ಪರವಾಗಿಲ್ಲ. ಬೆಂಕಿ ಇದ್ದ ಮೇಲೆ ಕಿಡಿ ಹಾರದೆ ಇರುತ್ತದಾ? ಆಲೆಮನೆಯ ಸುತ್ತ ಒಣಗಿದ ಸಿಪ್ಪೆ ರಾಶಿ ಇರುತ್ತದೆ. ಕಿಡಿ ಅಲ್ಲಿಗೆ ಬಿದ್ದರೆ ಕತೆ ಮುಗಿಯಿತು. ಜೀವಕೋಶದಲ್ಲಿ ಆ ಸಿಪ್ಪೆ ರಾಶಿ ಅಂದರೆ ಕೋಶದ ಸುತ್ತ ಇರುವ ಕೊಬ್ಬಿನ ಪೊರೆ. ಪೊರೆ ಸುಟ್ಟು ತೂತಾದರೆ ಒಳಗಿನ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಎಸ್‌ಜಿಪಿಟಿ, ಎಸ್‌ಜಿಓಟಿ ಜಾಸ್ತಿ ಇದೆ ಅನ್ನುತ್ತಾರಲ್ಲ, ಅದು ಈ ಸೋರಿಕೆ.

ಕಿಡಿ ಆರಿಸಲು ಲಿವರ್ ತಾನೇ ನೀರು ಇಟ್ಟುಕೊಂಡಿರುತ್ತದೆ. ಗ್ಲುಟಾಥಯೋನ್ ಅಂತ ಅದರ ಹೆಸರು. ಮಾಮೂಲಿ ದಿನಗಳಲ್ಲಿ ಸಾಕಾಗುತ್ತದೆ. ವಿಷ ಜಾಸ್ತಿಯಾದ ದಿನ ಖಾಲಿಯಾಗುತ್ತದೆ. ಪ್ಯಾರಾಸಿಟಮಾಲ್ ಅತಿಯಾಗಿ ನುಂಗಿದರೂ ಇದೇ ನೀರು ಖಾಲಿಯಾಗಿ ಲಿವರ್ ಹೋಗುತ್ತದೆ. ದಿನಾ ಕುಡಿಯುವವರಲ್ಲಿ ಬೆಂಕಿ ಜಾಸ್ತಿ ಉರಿಯುತ್ತದೆ, ನೀರೂ ಕಡಿಮೆ ಇರುತ್ತದೆ. ಔಷಧಿ ಹೊಡೆದ ಸಂಜೆ ತಲೆನೋವು ಅಂತ ಒಂದರ ಮೇಲೊಂದು ಮಾತ್ರೆ ನುಂಗಿ, ಅದರ ಮೇಲೆ ಒಂದು ಕ್ವಾರ್ಟರ್ ಹಾಕಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ. ನಗಬೇಡಿ, ಯಾರು ಅಂತ ನಾನು ಕೇಳುತ್ತಿಲ್ಲ.

ಇಲ್ಲಿ ಒಂದು ವಿಚಿತ್ರ ಇದೆ. ಕ್ಲೋರ್‌ಪೈರಿಫಾಸ್ ಅನ್ನುವ ಕೀಟನಾಶಕ ನಿಮ್ಮಲ್ಲಿ ಎಲ್ಲರಿಗೂ ಗೊತ್ತು, ವಾಸನೆಯಲ್ಲೇ ಗುರುತು ಹಿಡಿಯುತ್ತೀರಿ. ಡಬ್ಬಿಯಲ್ಲಿ ಇರುವಾಗ ಅದು ನರಕ್ಕೆ ಅಷ್ಟು ಕೆಟ್ಟ ವಿಷವಲ್ಲ. ಒಳಗೆ ಹೋದ ಮೇಲೆ ನಮ್ಮ ಲಿವರ್‌ನ ಬೆಂಕಿಯೇ ಅದರಲ್ಲಿನ ಗಂಧಕ ತೆಗೆದು ಆಮ್ಲಜನಕ ಸೇರಿಸುತ್ತದೆ. ಹಾಗೆ ಹುಟ್ಟುವ ಆಕ್ಸಾನ್ ನಿಜವಾದ ನರವಿಷ. ಬೇಡದ್ದನ್ನು ಎಸೆಯಲು ಹೋಗಿ ಲಿವರ್ ತಾನೇ ಕತ್ತಿಗೆ ಸಾಣೆ ಹಿಡಿದ ಹಾಗೆ. ಆಮೇಲೆ ಬೇರೆ ಕಿಣ್ವವೊಂದು ಬಂದು ಅದನ್ನು ಮುರಿಯುತ್ತದೆ. ಆ ಕಿಣ್ವ ಕೆಲವರಲ್ಲಿ ಚುರುಕು, ಕೆಲವರಲ್ಲಿ ಮಂದ. ಒಂದೇ ಗದ್ದೆಯಲ್ಲಿ ಒಂದೇ ಔಷಧಿ ಹೊಡೆದ ಅಣ್ಣನಿಗೆ ವಾಂತಿ, ತಮ್ಮನಿಗೆ ಏನೂ ಇಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ಈಗ ಪಾಚಿ.

ನಿಮಗೆ ಪಾಚಿ ಹೊಸದಲ್ಲ. ಗದ್ದೆಯ ನಿಂತ ನೀರಿನಲ್ಲಿ ಬೆಳೆಯುವ ನೀಲಿ ಹಸಿರು ಪಾಚಿ ಗಾಳಿಯ ಸಾರಜನಕ ಹಿಡಿದು ಭತ್ತಕ್ಕೆ ಕೊಡುತ್ತದೆ ಅಂತ ಪಿ. ಕೆ. ದೇ ಎಂಬ ವಿಜ್ಞಾನಿ 1939ರಲ್ಲೇ ತೋರಿಸಿದ್ದರು. ಅಜೋಲ ಬೆಳೆಸಿ ಹಸುವಿಗೆ ಹಾಕುವವರು ಇಲ್ಲೇ ಇದ್ದೀರಿ. ಅಜೋಲದ ಎಲೆಯೊಳಗೆ ಬಾಡಿಗೆಗೆ ಕೂತಿರುವುದೂ ಇಂಥದ್ದೇ ಪಾಚಿ. ಸ್ಪಿರುಲಿನ ಇದೇ ನೀಲಿ ಹಸಿರು ಕುಲದ್ದು. ಸೋಡಾದಂಥ ಕ್ಷಾರದ ನೀರಿನಲ್ಲಿ ಬೆಳೆಯುತ್ತದೆ. ಆಫ್ರಿಕಾದ ಚಾಡ್ ಸರೋವರದ ಹತ್ತಿರದ ಹೆಂಗಸರು ಅದನ್ನು ಸೋಸಿ, ಮರಳಿನ ಮೇಲೆ ಒಣಗಿಸಿ, ಬಿಲ್ಲೆ ಮಾಡಿ ಸಾರಿಗೆ ಹಾಕುತ್ತಾರೆ. ಡಿಹೆ ಅಂತ ಕರೆಯುತ್ತಾರೆ. ಒಣಗಿದ ಪುಡಿಯಲ್ಲಿ ನೂರಕ್ಕೆ 60ರ ಮೇಲೆ ಪ್ರೋಟೀನ್ ಇರುತ್ತದೆ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ 1970ರ ದಶಕದಲ್ಲೇ ಜರ್ಮನಿಯವರ ಜೊತೆ ಸೇರಿ ಪಾಚಿ ಬೆಳೆಸುವ ಕೆಲಸ ನಡೆದಿತ್ತು. ಅವರ ಚೆಲುವಾಂಬ ಮ್ಯಾನ್ಷನ್ ಕಟ್ಟಡದ ಮುಂದೆ ಬಸ್ಸಿನಲ್ಲಿ ಹೋಗುತ್ತಿದ್ದವರಿಗೆ ಒಳಗೆ ತೊಟ್ಟಿಗಳಲ್ಲಿ ಪಾಚಿ ತಿರುಗುತ್ತಿದೆ ಅಂತ ಯಾರು ಹೇಳಬೇಕಿತ್ತು? ಸ್ಪಿರುಲಿನ ಹಾಕಿದ ಕಡಲೆಬೀಜದ ಚಿಕ್ಕಿಯನ್ನೂ ಅವರು ಮಾಡಿದರು. ತಿಂದಿದ್ದೇನೆ. ಚಿಕ್ಕಿ ಚೆನ್ನಾಗಿದೆ, ಬಣ್ಣ ನೋಡಬಾರದು.

ಇಲ್ಲಿ ಎರಡು ಗಾಜಿನ ಲೋಟ ಇಟ್ಟಿದ್ದೇನೆ. ಎರಡರಲ್ಲೂ ನಿನ್ನೆ ರಾತ್ರಿ ಒಂದೊಂದು ಚಮಚ ಸ್ಪಿರುಲಿನ ಪುಡಿ ತಣ್ಣೀರಿನಲ್ಲಿ ನೆನೆಹಾಕಿ ಇಟ್ಟೆ. ಬೆಳಿಗ್ಗೆ ಹೊತ್ತಿಗೆ ಹಸಿರು ಮಡ್ಡಿ ಕೆಳಗೆ ಕೂತಿತ್ತು, ಮೇಲೆ ನೀಲಿ ನೀರು. ಹಸಿರು ಪುಡಿಯಿಂದ ಅಪ್ಪಟ ನೀಲಿ. ಒಂದು ಲೋಟದ ನೀಲಿ ನೀರನ್ನು ಪಾತ್ರೆಗೆ ಬಗ್ಗಿಸಿ ಒಲೆ ಮೇಲೆ ಕುದಿಸಿದೆ. ನೋಡಿ, ಬಣ್ಣ ಸತ್ತುಹೋಗಿದೆ. ಕಾಯಿಸದ ಲೋಟವನ್ನು ಬಿಸಿಲಿಗೆ ಹಿಡಿದರೆ ಪಕ್ಕದಿಂದ ಕೆಂಪು ಛಾಯೆ ಹೊಳೆಯುತ್ತದೆ. ಸಂಜೆಯಾಗಿದೆ, ಆದರೂ ಮುಂದೆ ಕೂತ ಮಕ್ಕಳು ಪಶ್ಚಿಮಕ್ಕೆ ಹಿಡಿದು ನೋಡಬಹುದು. ಚೆಲ್ಲಬೇಡಿ.

ಈ ನೀಲಿಯ ಹೆಸರು ಫೈಕೋಸಯನಿನ್. ಪಾಚಿಯ ಸಾರ ಲಿವರ್ ಕಾಯುತ್ತದೆ ಅನ್ನುವಾಗ ವಿಜ್ಞಾನಿಗಳ ಕಣ್ಣು ಮುಖ್ಯವಾಗಿ ಇದರ ಮೇಲೆ. ನನಗೆ ಬಹಳ ಇಷ್ಟವಾದ ವಿಷಯ ಒಂದಿದೆ. ಈ ನೀಲಿಯೊಳಗಿನ ಬಣ್ಣದ ತುಣುಕು ನಮ್ಮ ಪಿತ್ತದ ಬಣ್ಣಕ್ಕೆ ದಾಯಾದಿ. ಏಟು ಬಿದ್ದು ಕಪ್ಪಾದ ಜಾಗ ನಾಲ್ಕು ದಿನಕ್ಕೆ ಹಸಿರಾಗಿ ಆಮೇಲೆ ಹಳದಿಯಾಗುತ್ತದಲ್ಲ, ಆ ಹಸಿರು ಬಿಲಿವರ್ಡಿನ್, ಹಳದಿ ಬಿಲಿರುಬಿನ್. ಕಾಮಾಲೆಯಲ್ಲಿ ಕಣ್ಣು ಹಳದಿ ಮಾಡುವುದೂ ಅದೇ ಬಿಲಿರುಬಿನ್. ಪಾಚಿ ತನ್ನ ನೀಲಿಯನ್ನು ಮಾಡಿಕೊಳ್ಳುವುದು ಅದೇ ಬಿಲಿವರ್ಡಿನ್‌ನಿಂದ. ಮಿತವಾಗಿದ್ದಾಗ ಬಿಲಿರುಬಿನ್ ಕಿಡಿ ಆರಿಸುವ ಕೆಲಸ ಮಾಡುತ್ತದೆ. ಅದರ ದಾಯಾದಿಯೂ ಮಾಡಬಹುದು ಅನ್ನುವುದು ವಾದ. ಕುದಿಯುವ ಹಾಲಿಗೆ, ಟೀಗೆ ಪುಡಿ ಹಾಕಿ ಕುಡಿಯುವವರು ಕುದಿಸಿ ಬಣ್ಣ ಸತ್ತ ಈ ನೀರನ್ನು ನೆನಪಿಟ್ಟುಕೊಳ್ಳಿ.

ಪ್ರಯೋಗಗಳು ಏನು ಹೇಳುತ್ತವೆ? ಇಲಿಗಳನ್ನು ಗುಂಪು ಮಾಡುತ್ತಾರೆ. ಒಂದಕ್ಕೆ ಬರೀ ಊಟ, ಒಂದಕ್ಕೆ ಕೀಟನಾಶಕ, ಒಂದಕ್ಕೆ ಕೀಟನಾಶಕದ ಜೊತೆ ಪಾಚಿ. ಕೆಲವು ವಾರ ಆದ ಮೇಲೆ ರಕ್ತ ತೆಗೆದು, ಲಿವರ್ ಸೀಳಿ ನೋಡುತ್ತಾರೆ. ಈಜಿಪ್ಟ್‌ನವರು ಇಂಥ ಪ್ರಯೋಗಗಳನ್ನು ಜಾಸ್ತಿ ಮಾಡಿದ್ದಾರೆ. ಡೆಲ್ಟಾಮೆಥ್ರಿನ್ ಎಂಬ ಕೀಟನಾಶಕ ಕೊಟ್ಟ ಇಲಿಗಳಲ್ಲಿ ಎಸ್‌ಜಿಪಿಟಿ ಏರುತ್ತದೆ, ಗ್ಲುಟಾಥಯೋನ್ ಇಳಿಯುತ್ತದೆ. ಜೊತೆಗೆ ಸ್ಪಿರುಲಿನ ಕೊಟ್ಟವುಗಳಲ್ಲಿ ಎರಡೂ ಮಾಮೂಲಿಗೆ ಹತ್ತಿರ ಬರುತ್ತವೆ. ಕ್ಲೋರೆಲ್ಲ ಎಂಬ ಹಸಿರು ಪಾಚಿ, ಕಡಲಕಳೆಯ ಸಾರ, ಇವುಗಳಲ್ಲೂ ಇದೇ ದಾರಿಯ ಫಲಿತಾಂಶ ಬಂದಿದೆ. ಒಂದಲ್ಲ ಎರಡಲ್ಲ, ಬೇರೆ ಬೇರೆ ಕಡೆ ಮಾಡಿದ್ದಾರೆ. ಮಾರಿದವರು ಪೂರ್ತಿ ಸುಳ್ಳು ಹೇಳಿಲ್ಲ ಅಂದದ್ದು ಇದಕ್ಕೇ.

ಆದರೆ ಇಲಿಗೆ ಎಷ್ಟು ಕೊಟ್ಟರು? ಕೆಲವು ಪ್ರಯೋಗಗಳಲ್ಲಿ ಕೆಜಿ ತೂಕಕ್ಕೆ 500 ಮಿಲಿಗ್ರಾಂ. ಇಲಿ ಚಿಕ್ಕ ಪ್ರಾಣಿ, ಅದರ ಒಲೆ ಜೋರಾಗಿ ಉರಿಯುತ್ತದೆ. ಮನುಷ್ಯರಿಗೆ ಲೆಕ್ಕ ಹಾಕುವಾಗ ಅದನ್ನು ಸುಮಾರು ಆರರಿಂದ ಭಾಗಿಸುವುದು ಪದ್ಧತಿ. ಕೆಜಿಗೆ 80 ಮಿಲಿಗ್ರಾಂ ಅಂತ ಇಟ್ಟುಕೊಳ್ಳಿ. 60 ಕೆಜಿಯ ಆಳಿಗೆ 4,800. ನಿಮ್ಮ ಡಬ್ಬಿಯ ಮಾತ್ರೆ 500 ಮಿಲಿಗ್ರಾಂದು. ದಿನಕ್ಕೆ ಹತ್ತು ಆಯಿತು. ಅವರು ಎರಡು ಅಂದಿದ್ದಾರೆ. ಮಾತ್ರೆಯ ಬೆಲೆ ಡಬ್ಬಿ ಮೇಲಿದೆ, ಗುಣಿಸುವುದು ನಿಮಗೆ ಬಿಟ್ಟದ್ದು.

ಇನ್ನೊಂದು. ಇಲಿಗೆ ಪಾಚಿಯನ್ನು ವಿಷದ ಮೊದಲೋ ವಿಷದ ಜೊತೆಗೋ, ಅಳತೆ ಮಾಡಿ, ದಿನಾ ಬಾಯಿಗೆ ಹಾಕುತ್ತಾರೆ. ಆ ಇಲಿ ಬೀಡಿ ಸೇದುವುದಿಲ್ಲ, ಕುಡಿಯುವುದಿಲ್ಲ, ಸಾಲದ ಚಿಂತೆಯಲ್ಲಿ ನಿದ್ದೆಗೆಡುವುದಿಲ್ಲ. ಅದಕ್ಕೆ ಕೊಡುವುದು ಒಂದು ವಿಷ. ನೀವು ಒಂದೇ ಪಂಪಿಗೆ ಮೂರು ಬಾಟಲಿ ಬೆರೆಸುತ್ತೀರಿ.

"ನೀವು ತಿಂದು ನೋಡಿದ್ದೀರಾ ಸಾರ್?" ಅಂತ ಹಿಂದಿನಿಂದ ಒಬ್ಬರು ಕೇಳಿದರು. ತಿಂದಿದ್ದೇನೆ. ಮೂರು ವರ್ಷದ ಹಿಂದೆ ನನ್ನ ಎಸ್‌ಜಿಪಿಟಿ 72 ಬಂತು. ಕೊಬ್ಬು ತುಂಬಿದ ಲಿವರ್. ಮೂರು ತಿಂಗಳು ಸ್ಪಿರುಲಿನ ತಿಂದೆ. 44ಕ್ಕೆ ಇಳಿಯಿತು. ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆ, ನಾನೇ ಪ್ರಚಾರಕ ಆಗಿಬಿಟ್ಟೆ. ಒಂದು ದಿನ ಮನೆಯವರು ಕೇಳಿದರು: "ಡಾಕ್ಟರ್ ಹೆದರಿಸಿದ ದಿನದಿಂದ ಸಂಜೆ ಬಜ್ಜಿ ಬಿಟ್ರಿ, ಕುಕ್ಕರಹಳ್ಳಿ ಕೆರೆ ಸುತ್ತ ನಡೆಯೋಕೆ ಶುರು ಮಾಡಿದ್ರಿ. ಅದರ ಲೆಕ್ಕ ಎಲ್ಲಿ?" ಮೂವತ್ತು ವರ್ಷ ಮಕ್ಕಳಿಗೆ ಹೋಲಿಕೆಯ ಗುಂಪು ಇಲ್ಲದ ಪ್ರಯೋಗ ಪ್ರಯೋಗವೇ ಅಲ್ಲ ಅಂತ ಪಾಠ ಮಾಡಿದವನು ನಾನು. ಉತ್ತರ ಇರಲಿಲ್ಲ.

ಹೋಲಿಕೆ ಇದ್ದರೂ ಒಂದು ಸಲ ಸಾಕಾಗುವುದಿಲ್ಲ. ನೆಲನೆಲ್ಲಿ ಗೊತ್ತಲ್ಲ? ಕಾಮಾಲೆ ಅಂದರೆ ಮೊದಲು ಬದುವಿನ ಮೇಲೆ ಹುಡುಕುವುದು ಅದನ್ನೇ. ಮದರಾಸಿನಲ್ಲಿ ಅದನ್ನು ಸರಿಯಾಗಿ ಪರೀಕ್ಷೆ ಮಾಡಿದರು. ಹೆಪಟೈಟಿಸ್ ಬಿ ವೈರಸ್ ಹೊತ್ತುಕೊಂಡಿದ್ದವರಿಗೆ ಒಂದು ತಿಂಗಳು ನೆಲನೆಲ್ಲಿ ಪುಡಿ, ಇನ್ನೊಂದು ಗುಂಪಿಗೆ ಬರೀ ಹುಸಿ ಮಾತ್ರೆ. 1988ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನೆಲನೆಲ್ಲಿ ತಿಂದ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್‌ನ ಗುರುತು ಹೋಗಿತ್ತು. ಹುಸಿ ಮಾತ್ರೆಯ 23ರಲ್ಲಿ ಒಬ್ಬರಿಗೆ ಮಾತ್ರ. ಆಗ ನಾನು ಕೆಲಸಕ್ಕೆ ಸೇರಿದ ಹೊಸತು. ನಮ್ಮ ಬದುವಿನ ಗಿಡ ಲಂಡನ್ನಿನ ಪತ್ರಿಕೆಗೆ ಹೋಯಿತು ಅಂತ ಸ್ಟಾಫ್ ರೂಮಿನಲ್ಲಿ ಮೈಸೂರುಪಾಕ್ ಹಂಚಿದ್ದೆವು. ಆಮೇಲೆ ಬೇರೆ ದೇಶಗಳಲ್ಲಿ ಮಾಡಿ ನೋಡಿದರು. ಆ ಫಲ ಬರಲಿಲ್ಲ. ಮದರಾಸಿನವರು ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಮನುಷ್ಯರ ಮೇಲೆ, ಹೋಲಿಕೆ ಇಟ್ಟು ಮಾಡಿದ್ದೇ ಹೀಗಾಯಿತು. ಪಾಚಿ ಇನ್ನೂ ಬಹುಪಾಲು ಇಲಿಯಲ್ಲೇ ಇದೆ.

"ಹಂಗಾದ್ರೆ ದುಡ್ಡು ಯಾಕೆ ಕೊಡಬೇಕು, ನಾಲೇಲಿ ಬೇಕಾದಷ್ಟು ಪಾಚಿ ಐತಲ್ಲ, ಒಣಗಿಸಿಕೊಂಡ್ರೆ ಆಯ್ತು" ಅಂತ ಒಬ್ಬ ಯಜಮಾನರು ಅಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಯಜಮಾನರೇ, ಅದೊಂದು ಮಾತ್ರ ಮಾಡಬೇಡಿ. ಬೇಸಿಗೆಯಲ್ಲಿ ಕೆರೆಯ ನೀರು ಹಸಿರು ಬಣ್ಣ ಕದಡಿದ ಹಾಗೆ ಆಗುತ್ತದಲ್ಲ, ಅದರಲ್ಲಿ ಬಹಳ ಸಲ ಇರುವುದು ಮೈಕ್ರೋಸಿಸ್ಟಿಸ್ ಅನ್ನುವ ಪಾಚಿ. ಅದೂ ನೀಲಿ ಹಸಿರು ಕುಲದ್ದೇ. ಅದು ಮಾಡುವ ವಿಷ ಮೈಕ್ರೋಸಿಸ್ಟಿನ್. ಆ ವಿಷ ಹುಡುಕಿಕೊಂಡು ಹೋಗುವ ಜಾಗ ಯಾವುದು ಗೊತ್ತಾ? ಲಿವರ್. 1996ರಲ್ಲಿ ಬ್ರೆಜಿಲ್ ದೇಶದ ಕರುವಾರು ಊರಿನಲ್ಲಿ ಡಯಾಲಿಸಿಸ್‌ಗೆ ಇಂಥ ನೀರು ಬಳಸಿ 50ಕ್ಕೂ ಹೆಚ್ಚು ರೋಗಿಗಳು ಲಿವರ್ ಕೆಟ್ಟು ಸತ್ತರು. ಕುಡಿಯುವ ನೀರಿನಲ್ಲಿ ಮೈಕ್ರೋಸಿಸ್ಟಿನ್ ಲೀಟರಿಗೆ 1 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಗೆರೆ ಎಳೆದಿದೆ. ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು ಅದು. ಹಸಿರು ಕಟ್ಟಿದ ಕೆರೆಗೆ ದನ ಬಿಡಬೇಡಿ ಅನ್ನುವುದೂ ಇದಕ್ಕೇ. ಒಂದೇ ಕುಲದಲ್ಲಿ ಒಬ್ಬ ಲಿವರ್ ಕಾಯುತ್ತಾನೆ, ಇನ್ನೊಬ್ಬ ಲಿವರ್ ತಿನ್ನುತ್ತಾನೆ. ಕಣ್ಣಿಗೆ ಇಬ್ಬರೂ ಹಸಿರು. ಮನೆ ಹಿಂದೆ ತೊಟ್ಟಿ ಕಟ್ಟಿ ಸ್ಪಿರುಲಿನ ಬೆಳೆಯುತ್ತೇನೆ ಅನ್ನುವವರೂ ಯೋಚಿಸಿ, ತೊಟ್ಟಿಗೆ ಯಾವ ಪಾಚಿ ನುಗ್ಗಿದೆ ಅಂತ ಸೂಕ್ಷ್ಮದರ್ಶಕ ಇಲ್ಲದೆ ತಿಳಿಯುವುದಿಲ್ಲ.

ಕಬ್ಬಿಗೆ, ಭತ್ತಕ್ಕೆ ಹೊಡೆಯುವ ಕಡಲಕಳೆ ದ್ರಾವಣದ ಕ್ಯಾನು ಕೂಡ ಕುಡಿಯುವುದಕ್ಕಲ್ಲ. ಇದನ್ನು ಹೇಳಬೇಕಾ ಅನ್ನಿಸಬಹುದು. ಇನ್ನೊಂದು ಊರಿನಲ್ಲಿ ನನ್ನನ್ನು ಕೇಳಿದ್ದಾರೆ, ಅದಕ್ಕೇ ಹೇಳಿದೆ.

ನಮ್ಮ ಹುಡುಗ ಬಂದ. ಬಾಪ್ಪ, ಮುಂದೆ ಬಾ. ಪಂಪು ಇಳಿಸು. ಎಲ್ಲರಿಗೂ ಕಾಣುವ ಹಾಗೆ ನಿಧಾನಕ್ಕೆ ಒಂದು ಸುತ್ತು ತಿರುಗು.

ನೋಡಿ. ಕೈ ಮೇಲೆ ಕಲೆ ಇರಬಹುದು ಅಂತ ಎಲ್ಲರೂ ಅಂದುಕೊಳ್ಳುತ್ತೇವೆ, ಇದೆ. ತುಟಿ ಹತ್ತಿರ ನೀಲಿ ಇದೆ. ನಾಜಲ್ ಕಟ್ಟಿಕೊಂಡಾಗ ಬಾಯಲ್ಲಿ ಊದಿದೆಯಾ? ಊದಿದ್ದಾನೆ, ತಲೆ ಆಡಿಸುತ್ತಿದ್ದಾನೆ. ಬೆನ್ನು ನೋಡಿ, ಮುಚ್ಚಳದಿಂದ ಸೋರಿ ಸೊಂಟದವರೆಗೆ ಇಳಿದಿದೆ. ಮುಂದೆ ನೋಡಿ. ತಾನು ಹೊಡೆದ ಹುಲ್ಲಿನೊಳಗೇ ತಾನು ನಡೆದು ಬಂದಿದ್ದಾನೆ. ಮೊಣಕಾಲಿಂದ ತೊಡೆವರೆಗೆ ಪಂಚೆ ಒದ್ದೆ, ನೀಲಿ. ತೊಡೆಸಂದಿಗೆ ಅಂಟಿಕೊಂಡಿದೆ. ಎಷ್ಟು ಹೊತ್ತು ಹೊಡೆದೆ? ಅರ್ಧ ಗಂಟೆ ಇರಬಹುದು. ಗದ್ದೆಯಲ್ಲಾದರೆ ಇದೇ ಪಂಚೆಯಲ್ಲಿ ಮಧ್ಯಾಹ್ನದವರೆಗೆ ಇರುತ್ತಿದ್ದ.

ಹೆಣ್ಣುಮಕ್ಕಳು ಕ್ಷಮಿಸಬೇಕು, ಇದನ್ನು ಬಿಡಿಸಿ ಹೇಳದೆ ದಾರಿಯಿಲ್ಲ. 1971ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಒಪ್ಪಿಕೊಂಡು ಬಂದ ಗಂಡಸರ ಚರ್ಮದ ಬೇರೆ ಬೇರೆ ಜಾಗಕ್ಕೆ ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಬಹಳ ಸಣ್ಣ ಪ್ರಮಾಣದಲ್ಲಿ ಹಚ್ಚಿ, ಎಷ್ಟು ಒಳಗೆ ಇಳಿಯಿತು ಅಂತ ಅಳೆದರು. ಮುಂಗೈಗೆ ಹಚ್ಚಿದ್ದರಲ್ಲಿ ನೂರಕ್ಕೆ 9 ಪಾಲು ಕೂಡ ಒಳಗೆ ಹೋಗಲಿಲ್ಲ. ನೆತ್ತಿಯಲ್ಲಿ 32, ಹಣೆಯಲ್ಲಿ 36. ವೃಷಣದ ಚೀಲದ ಚರ್ಮದಲ್ಲಿ ಹೆಚ್ಚು ಕಡಿಮೆ ಪೂರ್ತಿ ನೂರೂ ಹೋಯಿತು. ಮುಂಗೈಗಿಂತ 12 ಪಟ್ಟು. ನಮ್ಮವರು ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು, ಅಲ್ಲಿ ಒದ್ದೆ ಪಂಚೆ ಸುತ್ತಿಕೊಂಡು ಇಡೀ ದಿನ ಓಡಾಡುತ್ತಾರೆ.

ಪಾಚಿ ಮಾತ್ರೆಯ ಕತೆ ಕೆಡುವುದು ಇಲ್ಲೇ. ಬಾಯಿಂದ ಹೋದ ವಿಷ ಕರುಳಿನಿಂದ ನೇರ ಲಿವರ್‌ಗೆ ಬರುತ್ತದೆ, ಊರ ಬಾಗಿಲಲ್ಲಿ ಸುಂಕದವನು ನಿಂತ ಹಾಗೆ. ಚರ್ಮದಿಂದ ಇಳಿದ ವಿಷ ಹಿತ್ತಿಲ ಬಾಗಿಲಿಂದ ಬಂದಿದ್ದು. ಮೊದಲು ಹೃದಯಕ್ಕೆ ಹೋಗಿ ಮಿದುಳು, ಶ್ವಾಸಕೋಶ, ಮೂತ್ರಪಿಂಡ ಎಲ್ಲ ಕಡೆ ಹರಡುತ್ತದೆ. ಲಿವರ್‌ಗೆ ಸಿಗುವುದು ಅದರ ಒಂದು ಪಾಲು. ಸುಂಕದವನಿಗೆ ನೀವು ಎಷ್ಟೇ ಹಸಿರು ಮಾತ್ರೆ ತಿನ್ನಿಸಿ ಗಟ್ಟಿ ಮಾಡಿ, ಅವನು ನಿಂತಿರುವುದು ಮುಂಬಾಗಿಲಲ್ಲಿ. ಅಲ್ಲದೆ ಕ್ಲೋರ್‌ಪೈರಿಫಾಸ್‌ನಂಥವು ಆಳನ್ನು ಕೆಡವುವುದು ಲಿವರ್ ಕೆಡಿಸಿ ಅಲ್ಲ, ನರಕ್ಕೂ ಸ್ನಾಯುವಿಗೂ ನಡುವಿನ ಒಂದು ಕಿಣ್ವವನ್ನು ಹಿಡಿದುಹಾಕಿ. ಬಾಯಲ್ಲಿ ಜೊಲ್ಲು, ಬೆವರು, ಕಣ್ಣಿನ ಪಾಪೆ ಸಾಸಿವೆ ಕಾಳಿನ ಹಾಗೆ ಸಣ್ಣದಾಗುವುದು, ಉಸಿರು ಕಟ್ಟುವುದು. ಆಗ ಬೇಕಾಗಿರುವುದು ಆಸ್ಪತ್ರೆಯ ಅಟ್ರೋಪಿನ್ ಸೂಜಿ. ಬಟ್ಟೆ ಬಿಚ್ಚಿ, ಸೋಪು ಹಾಕಿ ಮೈ ತೊಳೆದು, ಡಬ್ಬಿಯ ಲೇಬಲ್ ಹರಿಯದೆ ಜೊತೆಗೆ ತೆಗೆದುಕೊಂಡು ಓಡಿ. ವಾಂತಿ ಮಾಡಿಸಲು ಹುಣಸೆ ನೀರು, ಸಗಣಿ ನೀರು ಕುಡಿಸುತ್ತಾ ಕೂರಬೇಡಿ. ಕಳೆನಾಶಕ ಪ್ಯಾರಾಕ್ವಾಟ್‌ಗೆ ಆ ಸೂಜಿಯೂ ಇಲ್ಲ, ಯಾವ ಮದ್ದೂ ಇಲ್ಲ.

ರೇಷ್ಮೆ ಮನೆಯವರಿಗೆ ಇದೆಲ್ಲ ನಾನು ಹೇಳಬೇಕಾಗಿಲ್ಲ. ಪಕ್ಕದ ಹೊಲದವನು ಔಷಧಿ ಹೊಡೆದು ಗಾಳಿ ನಿಮ್ಮ ಹಿಪ್ಪುನೇರಳೆ ಕಡೆ ತಿರುಗಿದರೆ, ಸೊಪ್ಪು ಹಾಕಿದ ಸ್ವಲ್ಪ ಹೊತ್ತಿಗೆ ಹುಳ ತಲೆ ಎತ್ತಿ ಹಸಿರು ಕಕ್ಕುತ್ತದೆ. ಹುಳಕ್ಕೆ ಲಿವರ್ ಇಲ್ಲ, ಕೊಬ್ಬಿನ ಪದರವೊಂದು ಆ ಕೆಲಸ ಮಾಡುತ್ತದೆ. ಆ ಹುಳಕ್ಕೆ ಯಾರೂ ಮಾತ್ರೆ ತಿನ್ನಿಸಲು ಹೋಗುವುದಿಲ್ಲ. ಸೊಪ್ಪು ಹಾಕುವುದಕ್ಕೆ ಎಷ್ಟು ದಿನ ಬಿಡಬೇಕು ಅಂತ ಕೇಳುತ್ತೀರಿ. ಎಷ್ಟು ಜೋಪಾನ! ಹುಳದ ಮನೆಗೆ ಕೈ ತೊಳೆದು ಹೋಗುವವರು, ಗದ್ದೆಯಿಂದ ಬಂದು ಅದೇ ಕೈಯಲ್ಲಿ ಬೀಡಿ ಹಚ್ಚುತ್ತೀರಿ.

ಡಬ್ಬಿ ತೆಗೆದುಕೊಂಡವರು ಎಸೆಯಬೇಕಾಗಿಲ್ಲ. ಒಳ್ಳೆಯ ಕಡೆ ತಯಾರಾಗಿದ್ದರೆ ಅದು ಊಟ, ಪ್ರೋಟೀನ್. ಹುರುಳಿಕಾಳಿನ ಸಾರಿನ ಹಾಗೆ, ಅದಕ್ಕಿಂತ ದುಬಾರಿ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರು, ಮೈ ತನ್ನ ಮೇಲೇ ತಿರುಗಿಬೀಳುವಂಥ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ತಿನ್ನಬಾರದು. ಕಾಮಾಲೆ ಬಂದವರು ಇದನ್ನು ನಂಬಿಕೊಂಡು ಮನೆಯಲ್ಲಿ ಕೂರಬಾರದು. ಆ ದುಡ್ಡಿಗೆ ನಾನಾಗಿದ್ದರೆ ಪಂಪಿನ ಮುಚ್ಚಳದ ವಾಷರ್ ಹಾಕಿಸುತ್ತಿದ್ದೆ, ಒಂದು ನಾಜಲ್ ಬ್ರಷ್ ತರುತ್ತಿದ್ದೆ, ಸೊಂಟದಿಂದ ಕಾಲಿನವರೆಗೆ ಇಳಿಬಿಡುವ ಹಾಗೆ ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿಕೊಳ್ಳುತ್ತಿದ್ದೆ. ಡಬ್ಬಿಯ ಮೇಲಿನ ತ್ರಿಕೋನ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕೆಂಪು ಅಂದರೆ ಅತಿ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಅಂಗಡಿಯವನು ಕೆಂಪು ಕೊಟ್ಟರೆ, ಅದೇ ಹುಳಕ್ಕೆ ನೀಲಿಯದ್ದೋ ಹಸಿರಿನದ್ದೋ ಇದೆಯಾ ಅಂತ ಕೇಳಿ. ಗಾಳಿಗೆ ಎದುರಾಗಿ ಹೊಡೆಯಬೇಡಿ ಅಂತ ನಿಮ್ಮ ತಾತನೇ ಹೇಳಿರುತ್ತಾರೆ.

ಕೊನೆಗೆ ಒಬ್ಬ ತಾಯಿ ಎದ್ದು ನಿಂತರು. ಇಷ್ಟು ಹೊತ್ತೂ ಬಾಗಿಲ ಹತ್ತಿರ ಹಾಲಿನ ಕ್ಯಾನು ಹಿಡಿದುಕೊಂಡು ನಿಂತು ಕೇಳುತ್ತಿದ್ದವರು. "ಎಲ್ಲಾ ಹೊಡೆಯೋರ ವಿಷಯ ಹೇಳಿದ್ರಿ. ಆ ಪಂಚೆ ಒಗೆಯೋರು ನಾವು. ನಮ್ಮ ಕೈ ಲೆಕ್ಕಕ್ಕಿಲ್ವಾ?"

ನಾನು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದರಲ್ಲಿ ಆ ಮಾತು ಇರಲಿಲ್ಲ. ಸುಮ್ನೆ ಹೇಳುತ್ತಿಲ್ಲ, ನಿಜವಾಗಿಯೂ ಇರಲಿಲ್ಲ. ಹೊಡೆದ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ನೆನೆಹಾಕಬಾರದು, ಕೈಗೆ ರಬ್ಬರ್ ಗ್ಲೌಸ್ ಇರಬೇಕು, ಆ ನೀರು ನಾಲೆಗೆ, ದನದ ತೊಟ್ಟಿಗೆ ಸೇರಬಾರದು, ಒಂದು ಸಲ ಜಾಲಿಸಿದರೆ ಸಾಲದು ಅಂತೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಹುಡುಗನ ಕಡೆ ತಿರುಗಿ, "ಬಿಚ್ಚಿ ಕೊಡು ಇಲ್ಲಿ" ಅಂದರು. ಅವನು ಒಳಗೆ ಹೋಗಿ ಟವಲ್ ಸುತ್ತಿಕೊಂಡು ಬಂದು ಪಂಚೆ ಕೊಟ್ಟ. ಡೇರಿ ನಲ್ಲಿಯ ಕೆಳಗೆ ಬಕೆಟ್ ಇಟ್ಟು, ಸೋಪಿನ ಪುಡಿ ಹಾಕಿ, ಎಲ್ಲರ ಮುಂದೆ ಕುಕ್ಕಿ ಹಿಂಡಿದರು. ಬಕೆಟ್ ನೀಲಿಯಾಯಿತು. ಚೆಲ್ಲಿ ಹೊಸ ನೀರು ಹಿಡಿದರು. ಎರಡನೇ ಬಕೆಟ್ಟೂ ನೀಲಿ, ಸ್ವಲ್ಪ ತೆಳು. ಮೂರನೆಯದರಲ್ಲಿ ಮಕ್ಕಳೆಲ್ಲ ಬಗ್ಗಿ ನೋಡಿದರು. ಇದೆ ಅಂದರು ಕೆಲವರು, ಇಲ್ಲ ಅಂದರು ಕೆಲವರು. ಆಕೆ ಬಕೆಟ್ಟಿನಿಂದ ಎರಡೂ ಕೈ ತೆಗೆದು ದೀಪದ ಕೆಳಗೆ ಹಿಡಿದರು. ಉಗುರಿನ ಸಂದಿಯಲ್ಲಿ ಇತ್ತು.